ಕಡಮತ್ ದ್ವೀಪಕ್ಕೆ ಹೊರಡುವ ಮುಂಚೆ

ಪ್ರವಾಸವೆಂದರೆ ನಮಗೆ ದೇವಸ್ಥಾನ, ಇಲ್ಲವೇ ನೆಂಟರ ಊರು. ಸಮುದ್ರಕ್ಕೆ ಹೋದರೂ ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ತೋಯಿಸಿಕೊಂಡು ಬರುವುದಷ್ಟೆ. ಆದರೆ ಈಗ ನಲವತ್ತು ದಾಟಿದ ಗೃಹಿಣಿಯರೂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲ ತಳ ನೋಡಿ ಬರುತ್ತಿದ್ದಾರೆ. ಸ್ಕೂಬಾ ಡೈವಿಂಗ್ ಅಂತಾರೆ ಇದಕ್ಕೆ. ಲಕ್ಷದ್ವೀಪದ ಕಡಮತ್‌ಗೆ ಬರುವ ಜನವರಿಯಲ್ಲಿ ಹೋಗೋಣವೆಂದು ನಮ್ಮ ಮನೆಯಲ್ಲೂ ತಯಾರಿ ನಡೆದಿದೆ. ನಿಮಗೂ ಆಸೆಯಿದ್ದರೆ ಈ ವಿವರಗಳು ಉಪಯೋಗಕ್ಕೆ ಬಂದಾವು.

ಕಡಮತ್ ಪೂರ್ತಿ ಪರಸ್ಥಳವೇನಲ್ಲ ನೋಡಿ. 1956ರವರೆಗೆ ಅಮೀನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನವರು ಹಾಯಿದೋಣಿಗಳಲ್ಲಿ ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಈಗ ನಾವು ಕೊಚ್ಚಿಯಿಂದ ಸುಮಾರು 400 ಕಿ.ಮೀ. ಕಡಲು ದಾಟಬೇಕು. ಹಡಗಿನಲ್ಲಾದರೆ ಒಂದು ರಾತ್ರಿಯ ಪಯಣ. ವಿಮಾನ ಅಗತ್ತಿ ದ್ವೀಪದವರೆಗೆ ಮಾತ್ರ. ಅಲ್ಲಿಂದ ಮುಂದೆ ದೋಣಿಯೇ ಗತಿ. ಲಕ್ಷದ್ವೀಪ ಆಡಳಿತದ ಪರವಾನಗಿ ಇಲ್ಲದೆ ಹೊರಗಿನವರು ಕಾಲಿಡುವಂತಿಲ್ಲ, ಆದ್ದರಿಂದ ಟಿಕೆಟ್ಟಿಗಿಂತ ಮೊದಲು ಅದರ ಓಡಾಟ. ಮಳೆಗಾಲದಲ್ಲಿ ಕಡಲು ಒರಟು. ಅಕ್ಟೋಬರ್‌ನಿಂದ ಮೇ ನಡುವರೆಗೆ ಹೋಗಬಹುದು.

ಹೊರಡುವ ಮೊದಲ ತಯಾರಿ ಪೆಟ್ಟಿಗೆಯದಲ್ಲ, ಡಾಕ್ಟರದು. ನೀರಿಗಿಳಿಸುವ ಮುಂಚೆ ಒಂದು ಆರೋಗ್ಯದ ಕಾಗದ ತುಂಬಿಸಿಕೊಳ್ಳುತ್ತಾರೆ. ಉಬ್ಬಸ ಇದೆಯೇ, ಮೂರ್ಛೆ ಬರುತ್ತದೆಯೇ, ಹೃದಯದ ತೊಂದರೆ, ಕಿವಿಯ ಆಪರೇಷನ್, ಬಸುರಿಯೇ ಎಂದೆಲ್ಲ ಕೇಳಿರುತ್ತಾರೆ. ನಾವು ಹೆಂಗಸರು ಇಲ್ಲೇ ಎಡವೋದು. ಮನೆಯಲ್ಲಿ ಎದೆನೋವನ್ನೂ ‘ಏನಿಲ್ಲ, ಗ್ಯಾಸು’ ಎಂದು ಮುಚ್ಚಿಟ್ಟು ಅಭ್ಯಾಸವಲ್ಲವೇ? ಇಷ್ಟು ದುಡ್ಡು ಕೊಟ್ಟು ಬಂದ ಮೇಲೆ ಬೇಡ ಅಂದುಬಿಟ್ಟರೆ ಎಂಬ ಹೆದರಿಕೆಯಿಂದ ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿಬಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಬಿ.ಪಿ. ಮಾತ್ರೆ ನುಂಗುವವಳು. ಮೊದಲು ಡಾಕ್ಟರಿಗೆ ತೋರಿಸಿ ಒಪ್ಪಿಗೆ ಬರೆಸಿಕೊಂಡೇ ಮುಂದಿನ ಮಾತು ಎಂದು ಮನೆಯವರಿಗೆ ಹೇಳಿದೆ. ಅವರೂ ತಮ್ಮದನ್ನು ತೋರಿಸಿಕೊಂಡರು, ಅದೊಂದು ಲಾಭ!

ಇಷ್ಟು ಕಟ್ಟುನಿಟ್ಟು ಯಾಕೆ ಅಂತೀರಾ? ಪ್ರತಿ 10 ಮೀಟರ್ ಕೆಳಗಿಳಿದಂತೆ ಒಂದು ವಾತಾವರಣದಷ್ಟು ಒತ್ತಡ ಮೈಮೇಲೆ ಹೆಚ್ಚುತ್ತದೆ. ಕಿವಿ ಗುಂಯ್ ಎಂದು ಬಿಗಿಯುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಅದನ್ನು ಬಿಡಿಸಿಕೊಳ್ಳಬೇಕು. ನೆಗಡಿಯಿದ್ದರೆ ಅದು ಬಿಡದು, ಆವತ್ತು ಇಳಿಯಲೇಬಾರದು. ಇನ್ನೊಂದು ದೊಡ್ಡ ನಿಯಮ, ಉಸಿರು ಬಿಗಿಹಿಡಿಯಬಾರದು. ಹಿಡಿದುಕೊಂಡು ಮೇಲೆ ಬಂದರೆ ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಜೀವಕ್ಕೇ ಅಪಾಯ. ಸಿಲಿಂಡರಿನಲ್ಲಿರುವುದು ಬರೀ ಆಮ್ಲಜನಕವಲ್ಲ, ನಾವು ಉಸಿರಾಡುವ ಮಾಮೂಲಿ ಗಾಳಿಯೇ. ಆ ಗಾಳಿಯ ಸಾರಜನಕ ಕೆಳಗಿದ್ದಾಗ ರಕ್ತದಲ್ಲಿ ಕರಗಿರುತ್ತದೆ. ಗಡಿಬಿಡಿಯಿಂದ ಮೇಲೇರಿದರೆ, ಗೋಲಿ ಸೋಡಾದ ಗೋಲಿ ಒತ್ತಿದಾಗ ಉಕ್ಕುತ್ತದಲ್ಲ, ಹಾಗೆ ಮೈಯೊಳಗೆ ಗುಳ್ಳೆ ಏಳುತ್ತದೆ.

ಈ ಕಾರಣಕ್ಕೇ ದಿನಗಳ ಲೆಕ್ಕ ಜೋಪಾನ. ಹಲವು ಸಲ ಇಳಿದಿದ್ದರೆ ಕೊನೆಯ ಮುಳುಗಿನ ಬಳಿಕ ಕಡಿಮೆಯೆಂದರೂ 18 ಗಂಟೆ ವಿಮಾನ ಹತ್ತಬಾರದು. ಒಂದೇ ಸಲವಾದರೆ 12 ಗಂಟೆ. ಕೊನೆಯ ದಿನವನ್ನು ಖಾಲಿ ಬಿಟ್ಟೇ ಟಿಕೆಟ್ ಮಾಡಿಸಿ. ಹಡಗಿನಲ್ಲಿ ಮರಳುವವರಿಗೆ ಈ ತಾಪತ್ರಯವಿಲ್ಲ. ನಾವು ಹಡಗನ್ನೇ ಆರಿಸಿದ್ದು ಅದಕ್ಕೆ.

ಈಜು ಬಾರದವರು ಹೆದರಬೇಡಿ. ಶಿಕ್ಷಕರು ಜೊತೆಗಿದ್ದು ಮೊದಲ ಸಲ ತೋರಿಸುವ ಮುಳುಗಿಗೆ ಈಜು ಕಡ್ಡಾಯವಲ್ಲ, 12 ಮೀಟರಿಗಿಂತ ಕೆಳಗೆ ಒಯ್ಯುವುದೂ ಇಲ್ಲ. ಪೂರ್ತಿ ಕಲಿಯುವವರಿಗೆ ಮೂರು ನಾಲ್ಕು ದಿನ ಬೇಕು, ಆಗ ಈಜು ಬೇಕೇ ಬೇಕು. ಉಡುಪಿನ ಸಂಕೋಚವೂ ಬೇಡ, ಮೈತುಂಬ ಮುಚ್ಚುವ ರಬ್ಬರಿನ ಉಡುಪೇ ಕೊಡುತ್ತಾರೆ. ಆದರೆ ಹಡಗಿನಿಂದ ಸಣ್ಣ ದೋಣಿಗೆ ಇಳಿಯಬೇಕಾಗಿ ಬಂದರೆ ಸೀರೆ ಫಜೀತಿ. ಚೂಡಿದಾರ್ ಇರಲಿ. ಅಲ್ಲಿನವರು ಬಹುತೇಕ ಮುಸ್ಲಿಮರು, ಮರ್ಯಾದೆಯ ಉಡುಗೆ ಊರೊಳಗೂ ಒಪ್ಪುತ್ತದೆ.

ಊಟಕ್ಕೆ ಅನ್ನ, ತೆಂಗಿನಕಾಯಿ, ಸೂರೆ ಮೀನು ಧಾರಾಳ. ತರಕಾರಿ ಬಹುಪಾಲು ಹಡಗಿನಲ್ಲೇ ಬರಬೇಕು. ಸಸ್ಯಾಹಾರಿಗಳು ಮುಂಚೆಯೇ ತಿಳಿಸಿ, ಒಂದು ಡಬ್ಬಿ ಚಟ್ನಿಪುಡಿ ಇಟ್ಟುಕೊಳ್ಳಿ.

ಬರುವಾಗ ಹವಳದ ಚೂರು ತರುವ ಆಸೆ ಬೇಡ, ಕಾನೂನು ಬಿಡುವುದಿಲ್ಲ. ನೀರು ಕಾದು 1998, 2010, 2016ರಲ್ಲಿ ಅಲ್ಲಿನ ಹವಳಗಳು ಬಿಳಿಚಿ ಬಹಳಷ್ಟು ಸತ್ತಿವೆ. ಉಳಿದದ್ದನ್ನು ಮುಟ್ಟದೆ ನೋಡೋಣ.

ನೀರೊಳಗೆ ಮಾತಿಲ್ಲ, ಎಲ್ಲ ಕೈಸನ್ನೆ. ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿದರೆ ‘ಸರಿಯಾಗಿದ್ದೇನೆ’. ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’. ನಮ್ಮ ಮನೆಯವರಿಗೆ ಸಾರು ಹೇಗಿದೆ ಅಂದರೂ ಹೆಬ್ಬೆರಳು ಎತ್ತುವ ಅಭ್ಯಾಸ. ಈಗಿನಿಂದಲೇ ಬಿಡಿಸುತ್ತಿದ್ದೇನೆ.