ಮ್ಯಾಂಚೆಸ್ಟರಿನ ಹಸ್ತಾಕ್ಷರಗಳು

ಇಂಗ್ಲೆಂಡ್ ದೇಶದ ವಾಯವ್ಯ ಭಾಗದಲ್ಲಿರುವ ಮ್ಯಾಂಚೆಸ್ಟರ್ ಪಟ್ಟಣವು ನಮ್ಮ ಹಿರಿಯರಿಗೆ ಅಲ್ಲಿಂದ ಬರುತ್ತಿದ್ದ ಗಿರಣಿಬಟ್ಟೆಯಿಂದ ಪರಿಚಿತವಾಗಿತ್ತು. ಈಗಿನ ತರುಣರಿಗೆ ಕಾಲ್ಚೆಂಡಾಟದಿಂದ ಪರಿಚಿತವಾಗಿದೆ. ನನ್ನ ಮಗಳ ಸಂಸಾರವು ಆ ಪಟ್ಟಣದಲ್ಲಿ ನೆಲಸಿರುವ ಕಾರಣ, ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಬಳಿಕ ಕೆಲವು ತಿಂಗಳು ಅಲ್ಲಿರುವ ಅವಕಾಶವು ನನಗೆ ಒದಗಿತು. ಹನ್ನೆರಡು ವರ್ಷದ ನನ್ನ ಮೊಮ್ಮಗನಿಗೆ ಆಟಗಾರರ ಹಸ್ತಾಕ್ಷರಗಳನ್ನು ಕೂಡಿಸುವ ಹವ್ಯಾಸವುಂಟು. ಅವನೊಡನೆ ತಿರುಗಿ ಕಂಡು ತಿಳಿದ ಸಂಗತಿಗಳು ಮಕ್ಕಳುಳ್ಳ ಗೃಹಸ್ಥರಿಗೆ ಉಪಯೋಗವಾಗಬಹುದೆಂದು ಭಾವಿಸಿ ಇಲ್ಲಿ ನಿವೇದಿಸುತ್ತೇನೆ.

ಪಟ್ಟಣದ ನಡುವಿನಿಂದ ಟ್ರಾಮ್ ಗಾಡಿಯಲ್ಲಿ ಹೊರಟು ಓಲ್ಡ್ ಟ್ರಾಫರ್ಡ್ ನಿಲ್ದಾಣದಲ್ಲಿಳಿದು ಸ್ವಲ್ಪ ದೂರ ನಡೆದರೆ ಮ್ಯಾಂಚೆಸ್ಟರ್ ಯುನೈಟೆಡ್ ಸಂಘದ ಕ್ರೀಡಾಂಗಣವು ಸಿಕ್ಕುತ್ತದೆ. 1910ರಲ್ಲಿ ಆರಂಭವಾದ ಈ ಅಂಗಣವು 1941ರಲ್ಲಿ ಶತ್ರುವಿಮಾನಗಳ ಬಾಂಬಿಗೆ ತುತ್ತಾಗಿ, 1949ರಲ್ಲಿ ಪುನಃ ಆಟಕ್ಕೆ ತೆರೆಯಿತು. ಈಗ ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನರು ಅಲ್ಲಿ ಕುಳಿತು ಆಟವನ್ನು ನೋಡಬಹುದು. ಆದರೆ ನನ್ನ ಕಣ್ಣನ್ನು ಸೆಳೆದದ್ದು ಅದರ ವೈಶಾಲ್ಯವಲ್ಲ. ಹೊರಗೋಡೆಯಲ್ಲಿರುವ ಒಂದು ಗಡಿಯಾರ. ಅದರ ಮುಖದ ಮೇಲೆ ಮ್ಯೂನಿಕ್ ಎಂಬ ಹೆಸರೂ 1958ನೆಯ ಇಸವಿ ಫೆಬ್ರವರಿ 6 ಎಂಬ ತಾರೀಖೂ ಬರೆದಿವೆ.

ಅಂದು ನಡೆದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮ್ಯಾಟ್ ಬಸ್ಬಿ ಎಂಬ ವ್ಯವಸ್ಥಾಪಕರು ಎಳೆಯ ಹುಡುಗರನ್ನು ಆರಿಸಿ ಪಳಗಿಸಿ ಕಟ್ಟಿದ ತಂಡವು ಬೆಲ್‌ಗ್ರೇಡ್ ನಗರದಲ್ಲಿ ಪಂದ್ಯವನ್ನಾಡಿ ಹಿಂದಿರುಗುತ್ತಿತ್ತು. ಇಂಧನಕ್ಕಾಗಿ ಮ್ಯೂನಿಕ್ಕಿನಲ್ಲಿ ಇಳಿದ ವಿಮಾನವು, ಕರಗಿದ ಹಿಮದ ಕೆಸರು ತುಂಬಿದ್ದ ಓಟದ ಹಾದಿಯಿಂದ ಮೂರನೆಯ ಸಲ ಮೇಲೇರಲು ಯತ್ನಿಸಿ ಅಪಘಾತಕ್ಕೀಡಾಯಿತು. ಅದರಲ್ಲಿದ್ದ 44 ಮಂದಿಯಲ್ಲಿ 23 ಮಂದಿ ಮೃತರಾದರು. ಅವರಲ್ಲಿ ಎಂಟು ಮಂದಿ ಆಟಗಾರರು. ಹದಿನೆಂಟನೆಯ ವಯಸ್ಸಿನಲ್ಲಿಯೇ ಇಂಗ್ಲೆಂಡಿನ ಪರವಾಗಿ ಆಡಿದ್ದ ಡಂಕನ್ ಎಡ್ವರ್ಡ್ಸ್ ಎಂಬಾತನು ಹದಿನೈದು ದಿನ ಆಸ್ಪತ್ರೆಯಲ್ಲಿ ಹೋರಾಡಿ ಫೆಬ್ರವರಿ 21ರಂದು ತೀರಿಕೊಂಡನು. ಆಗ ಅವನಿಗೆ ಇಪ್ಪತ್ತೊಂದು ವರ್ಷ.

ಅಲ್ಪಾಯುಷಿಗಳಾದ ಈ ಹುಡುಗರು ಬರೆದುಕೊಟ್ಟ ಹಸ್ತಾಕ್ಷರಗಳು ಎಷ್ಟಿವೆಯೋ ಅಷ್ಟೇ, ಇನ್ನೊಂದು ಹುಟ್ಟುವಂತಿಲ್ಲ. ಆದುದರಿಂದಲೇ ಅವುಗಳಿಗೆ ಬೆಲೆ ಹೆಚ್ಚು. ಬೆಲೆ ಹೆಚ್ಚಾದಲ್ಲಿ ವಂಚಕರಿಗೂ ಆಸೆ ಹೆಚ್ಚು. ಒಂದು ದಿನ ಅಂಗಡಿಯೊಂದರಲ್ಲಿ ಚೌಕಟ್ಟು ಹಾಕಿದ ಕಾಗದವನ್ನು ಕಂಡೆವು. ಅದರಲ್ಲಿ ಎಡ್ವರ್ಡ್ಸನ ಹೆಸರೂ ಅವನ ಒಡನಾಡಿಗಳ ಹೆಸರುಗಳೂ ಇದ್ದವು. ನಿಜವಾದುದೆಂದು ಸಾರುವ ಪ್ರಮಾಣಪತ್ರವೂ ಜೊತೆಗಿತ್ತು. ಎರಡು ವರ್ಷ ಕೂಡಿಟ್ಟ ಹಣವನ್ನೆಲ್ಲ ಅದಕ್ಕೆ ಸುರಿಯಲು ಹುಡುಗನು ಸಿದ್ಧನಾಗಿದ್ದನು. ‘ತಾತ, ಇದು ನಿಜದ್ದೇ ಅಲ್ಲವೇ?’ ಎಂದು ಕೇಳಿದನು.

ಯಾವುದನ್ನಾದರೂ ನಿಜವೆಂದು ತಿಳಿಯಲು ನಮ್ಮ ತರ್ಕಶಾಸ್ತ್ರದಲ್ಲಿ ಹೇಳಿರುವ ಪ್ರಮಾಣಗಳು ಇಲ್ಲಿಯೂ ಸಲ್ಲುತ್ತವೆ. ಮೊದಲನೆಯದು ಪ್ರತ್ಯಕ್ಷ: ಆಟಗಾರನು ನಮ್ಮೆದುರಿಗೇ ಬರೆದುಕೊಟ್ಟದ್ದು. ಇದಕ್ಕೆ ಮಿಗಿಲಾದುದಿಲ್ಲ.

ಎರಡನೆಯದು ಅನುಮಾನ. ಭೂತಗನ್ನಡಿಯಲ್ಲಿ ನೋಡಿದಾಗ ಅಕ್ಷರವು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಅಚ್ಚಾದದ್ದು. ಪತ್ರ ಬರೆದು ಬೇಡುವ ಅಭಿಮಾನಿಗಳಿಗೆ ಹಲವು ಸಂಘಗಳು ಹೀಗೆ ಸಹಿ ಅಚ್ಚಾದ ಭಾವಚಿತ್ರವನ್ನೇ ಕಳುಹಿಸುತ್ತವೆ. ಅದು ಮೋಸವಲ್ಲ, ಆದರೆ ಹಸ್ತಾಕ್ಷರವೂ ಅಲ್ಲ. ಒಬ್ಬನೇ ಮನುಷ್ಯನು ಎರಡು ಸಲ ಬರೆದದ್ದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂಡಿದರೆ, ಬರೆದದ್ದು ಯಂತ್ರ. ಹನ್ನೊಂದು ಹೆಸರುಗಳು ಒಂದೇ ಲೇಖನಿಯಲ್ಲಿದ್ದರೆ ದೋಷವಿಲ್ಲ, ಲೇಖನಿಯು ಕೈಯಿಂದ ಕೈಗೆ ಹೋಗಿರಬಹುದು. ಹನ್ನೊಂದಕ್ಕೂ ಒಂದೇ ಓರೆ, ಒಂದೇ ಒತ್ತಡ ಇದ್ದರೆ ಬರೆದ ಕೈ ಒಂದೇ. ಸಂಘದ ಕೆಲಸಗಾರರೇ ಎಲ್ಲರ ಹೆಸರನ್ನೂ ಬರೆದುಕೊಟ್ಟ ಕಾಗದಗಳೂ ಹಿಂದಿನ ಕಾಲದವು ಉಂಟು.

ಮೂರನೆಯದು ಆಪ್ತವಾಕ್ಯ. ವಿಷಯವನ್ನು ಬಲ್ಲವನೂ ಸುಳ್ಳಿನಿಂದ ಲಾಭವಿಲ್ಲದವನೂ ಆದವನ ಮಾತು ಮಾತ್ರ ಆಪ್ತವಾಕ್ಯ. ಮಾರುವವನು ತನ್ನ ಸರಕಿಗೆ ತಾನೇ ಬರೆದುಕೊಂಡ ಪ್ರಮಾಣಪತ್ರವು ಆ ಹೆಸರಿಗೆ ಅರ್ಹವಲ್ಲ. ಕಾಗದವು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಪರಂಪರೆಯನ್ನು ವಿಚಾರಿಸಬೇಕು.

ನಾವು ಚೌಕಟ್ಟನ್ನು ಬೆಳಕಿಗೆ ಹಿಡಿದು ನೋಡಿದೆವು. ಅಕ್ಷರಗಳು ಸಣ್ಣ ಮೊನೆಯ ಮಾರ್ಕರ್ ಪೆನ್ನಿನವು. ಅಂತಹ ಪೆನ್ನುಗಳು ಜನರ ಕೈಗೆ ಬಂದುದು 1960ರ ದಶಕದಲ್ಲಿ. 1958ರಲ್ಲಿ ಮಣ್ಣಾದ ಕೈ ಅದನ್ನು ಹಿಡಿದದ್ದು ಹೇಗೆ? ಹುಡುಗನಿಗೆ ವಿವರಿಸಬೇಕಾಗಲಿಲ್ಲ. ಅವನ ಕಣ್ಣಿನಲ್ಲಿ ನೀರಾಡಿತು. ಹಣ ಉಳಿಯಿತೆಂಬ ಸಮಾಧಾನ ಅವನಿಗಿರಲಿಲ್ಲ. ‘ಸತ್ತುಹೋದವರ ಹೆಸರನ್ನೂ ಹೀಗೆ ಬರೆಯುತ್ತಾರೆಯೇ?’ ಎಂಬುದೊಂದೇ ಅವನ ಪ್ರಶ್ನೆ. ಬದುಕಿರುವವನ ಹೆಸರನ್ನು ಕದ್ದರೆ ಅವನು ಅಲ್ಲಗಳೆಯಬಲ್ಲನು. ಸತ್ತವನು ಅದಕ್ಕೂ ಅಸಮರ್ಥನು. ಈ ಕಳವು ಅದರಿಂದಲೇ ಹೆಚ್ಚು ಹೇಯವಾದುದೆಂದು ನಾನು ಹೇಳಿದೆನು.

ಅಂದು ಸಂಜೆ ಅವನಿಗೆ ಇನ್ನೊಂದು ಕಾಗದದ ಕಥೆಯನ್ನು ಹೇಳಿದೆನು. ದುರಂತವಾದ ಹದಿಮೂರನೆಯ ದಿನ, ಫೆಬ್ರವರಿ 19ರಂದು, ಅದೇ ಅಂಗಣದಲ್ಲಿ ಷೆಫೀಲ್ಡ್ ವೆನ್ಸ್‌ಡೇ ತಂಡದೊಡನೆ ಪಂದ್ಯ ನಡೆಯಿತು. ಯಾರು ಆಡುವರೆಂಬುದು ಮುದ್ರಣದ ವೇಳೆಗೆ ನಿಶ್ಚಯವಾಗಿರಲಿಲ್ಲ. ಆದುದರಿಂದ ಅಂದು ಮಾರಿದ ಪಂದ್ಯಪತ್ರಿಕೆಯಲ್ಲಿ ಮ್ಯಾಂಚೆಸ್ಟರಿನ ಹನ್ನೊಂದು ಹೆಸರುಗಳಿರಬೇಕಾದ ಸ್ಥಳವನ್ನು ಬರಿದಾಗಿಯೇ ಬಿಟ್ಟಿದ್ದರು. ಎಡ್ವರ್ಡ್ಸನು ಇನ್ನೂ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದನು. ಸಿಕ್ಕವರನ್ನು ಕೂಡಿಸಿದ ಆ ತಂಡವು 3-0ರಿಂದ ಗೆದ್ದಿತು. ಸುಳ್ಳು ಹೆಸರು ತುಂಬಿದ ಚೌಕಟ್ಟಿಗಿಂತ ಆ ಬರಿಯ ಸ್ಥಳವು ಸತ್ಯವಾದುದೆಂದು ಹುಡುಗನು ಒಪ್ಪಿದನು.

ಮುಂದಿನ ವಾರ ಅವನು ಚಳಿಯಲ್ಲಿ ಎರಡು ಗಂಟೆ ಕಾದು, ಇನ್ನೂ ಹೆಸರಾಗದ ತರುಣ ಆಟಗಾರನೊಬ್ಬನಿಂದ ಹಸ್ತಾಕ್ಷರವನ್ನು ಪಡೆದನು. ತನ್ನ ಹೆಸರನ್ನೂ ಬರೆಯಿಸಿಕೊಂಡನು. ಹೀಗೆ ಹೆಸರು ಬರೆದ ಪತ್ರಕ್ಕೆ ಸಂತೆಯಲ್ಲಿ ಬೆಲೆ ಕಡಮೆ. ಆದಕಾರಣ ಮಾರುವ ಉದ್ದೇಶವುಳ್ಳವರು ಬರೆಯಿಸುವುದಿಲ್ಲ. ಹಿಂಬದಿಯಲ್ಲಿ ಸ್ಥಳವನ್ನೂ ತಾರೀಖನ್ನೂ ಗುರುತಿಸಿಡುವಂತೆ ಅವನಿಗೆ ಹೇಳಿದೆನು. ವಾಚಕರ ಮನೆಯ ಮಕ್ಕಳಿಗೆ ಈ ಹವ್ಯಾಸವಿದ್ದರೆ ಹಿರಿಯರು ಇಷ್ಟನ್ನು ಕಲಿಸಿದರೆ ಸಾಕು: ಕೊಂಡ ನೂರಕ್ಕಿಂತ ಕಣ್ಣೆದುರಿಗೆ ಬರೆಯಿಸಿಕೊಂಡ ಒಂದು ಲೇಸು.