ಗೋಕುಲಂನಲ್ಲಿ ಗುಡುಗಿಗೊಂದು ಜಾಗ

ಮೈಸೂರು ರೈಲು ನಿಲ್ದಾಣದಿಂದ ಕೃಷ್ಣರಾಜಸಾಗರ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಹಳೆಯ ಕ್ಷಯರೋಗ ಆಸ್ಪತ್ರೆಯ ಆವರಣ ಎದುರಾಗುತ್ತದೆ. ಎಡಕ್ಕೆ ಒಂಟಿಕೊಪ್ಪಲು, ಅದರಾಚೆ ಗೋಕುಲಂ. ಗಾಳಿ ಚೆನ್ನಾಗಿರುವ ಕಡೆ ಆಸ್ಪತ್ರೆ ಕಟ್ಟಿಸಿದ ಹಿರಿಯರ ಲೆಕ್ಕ ತಪ್ಪಲಿಲ್ಲ. ಕಾಂಟೂರ್ ರಸ್ತೆಯಲ್ಲಿ ವಾಹನಗಳ ಸಂದಣಿ ಎಷ್ಟೇ ಇರಲಿ, ಪಕ್ಕದ ಅಡ್ಡರಸ್ತೆಗೆ ಹೊರಳಿದರೆ ಮರದ ನೆರಳಿದೆ, ತೆರೆದ ಕಿಟಕಿಗಳಿವೆ, ಕುಕ್ಕರಿನ ಸೀಟಿ ಮೂರು ಮನೆಯಾಚೆಗೂ ಕೇಳುತ್ತದೆ.

ಇಲ್ಲಿ ಬೆಳಗಾಗುವುದೂ ಬೇಗ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ ದೇಶವಿದೇಶದ ಅಭ್ಯಾಸಿಗಳು ಈ ಬೀದಿಗಳಲ್ಲಿ ಬಾಡಿಗೆಗೆ ನಿಲ್ಲತೊಡಗಿದರು. ಸೂರ್ಯ ಹುಟ್ಟುವ ಮುನ್ನವೇ ಚಾಪೆ ಸುತ್ತಿಕೊಂಡು ನಡೆಯುವವರು ಅವರು. ಅದೇ ಹೊತ್ತಿಗೆ ಪಿಯುಸಿ ಹುಡುಗರ ಕೋಣೆಗಳಲ್ಲೂ ದೀಪ ಹತ್ತಿರುತ್ತದೆ. ಇಂಥ ಬಡಾವಣೆಯ ಮನೆಯೊಂದಕ್ಕೆ ಹೋಂ ಥಿಯೇಟರ್ ಬಂತೆಂದರೆ, ಅದು ಆ ಮನೆಯ ನಾಲ್ಕು ಗೋಡೆಗಳ ವಿಷಯವಾಗಿ ಮಾತ್ರ ಉಳಿಯುವುದಿಲ್ಲ.

ದನಿಯ ಗೀಳು ಮೈಸೂರಿಗೆ ಹೊಸದೇನಲ್ಲ. ಇಲ್ಲಿಂದ ದೂರವಲ್ಲದ ಯಾದವಗಿರಿಯಲ್ಲಿ ಆಕಾಶವಾಣಿ ಕೇಂದ್ರವಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ 30 ವಾಟ್‌ನ ಪುಟ್ಟ ಟ್ರಾನ್ಸ್‌ಮೀಟರ್ ಇಟ್ಟುಕೊಂಡು ಬಾನುಲಿ ಆರಂಭಿಸಿದ್ದು ಸಮೀಪದ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ. ಮುಂದೆ ಜಯಚಾಮರಾಜೇಂದ್ರ ಒಡೆಯರ್ ಅರಮನೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಗ್ರಾಮಫೋನ್ ಭಂಡಾರವನ್ನೇ ಕಟ್ಟಿದರು. ರಷ್ಯನ್ ಸಂಗೀತಕಾರ ಮೆಡ್ಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ. ಆ ಕೆಲಸದ ಮಾತುಕತೆಗೆ ಲಂಡನ್ನಿನಿಂದ ಬಂದಿದ್ದ ವಾಲ್ಟರ್ ಲೆಗ್, ಅರಮನೆಯಲ್ಲಿ ಕಂಡ ರೆಕಾರ್ಡುಗಳ ಜೊತೆಗೆ ಬಗೆಬಗೆಯ ಧ್ವನಿವರ್ಧಕಗಳನ್ನೂ ನೆನಪಿಸಿಕೊಂಡು ಬರೆದಿದ್ದಾರೆ. ಯಾವ ಪೆಟ್ಟಿಗೆ ಯಾವ ಕೋಣೆಗೆ ಒಗ್ಗುತ್ತದೆ ಎಂಬ ಪ್ರಶ್ನೆ, ಹಾಗೆ ನೋಡಿದರೆ, ರಾಜರಿಗೂ ಬಂದಿದ್ದೇ.

ಇಂದು ಆ ಪ್ರಶ್ನೆ ಗೋಕುಲಂನ ಹಾಲ್‌ಗಳಿಗೆ ಬಂದಿದೆ. ಎದೆಯೆತ್ತರದ ಎರಡು ಟವರ್ ಸ್ಪೀಕರ್‌ಗಳು ಟಿ.ವಿ.ಯ ಅಕ್ಕಪಕ್ಕ ನಿಂತಿವೆ. ಮಗನಿಗೆ ಈಗ ಸಬ್‌ವೂಫರ್ ಬೇಕು. ಅಪ್ಪನಿಗೆ ಖರ್ಚಿನ ಚಿಂತೆ, ಅಮ್ಮನಿಗೆ ಷೋಕೇಸಿನ ಗಾಜಿನ ಚಿಂತೆ. ಅಂಗಡಿಯವನಿಗೆ ಯಾವ ಚಿಂತೆಯೂ ಇಲ್ಲ; 'ಸ್ಪೀಕರ್ ಇಷ್ಟು ಪವರ್‌ಫುಲ್ ಇದ್ದಮೇಲೆ ಸಬ್ಬೂ ದೊಡ್ಡದೇ ಇರಲಿ ಸಾರ್' ಎನ್ನುತ್ತಾನೆ.

ಅವನ ಮಾತಿನಲ್ಲಿ ಅರ್ಧ ನಿಜವಿದೆ. ಒಂದೇ ಗಟ್ಟಿತನಕ್ಕೆ, ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ಸ್ಪೀಕರ್ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ನಮ್ಮ ಕಿವಿಯಾದರೋ ಮಂದ್ರ ಸ್ವರಗಳಿಗೆ ಸ್ವಭಾವತಃ ಮಂದ. ಆದ್ದರಿಂದ ಬಲವಾದ ಟವರ್‌ಗಳ ಪಕ್ಕದಲ್ಲಿ ಎಂಟು ಇಂಚಿನ ಪುಟಾಣಿ ಪೆಟ್ಟಿಗೆ ಇಟ್ಟರೆ ಅದು ಏದುಸಿರು ಬಿಡುತ್ತದೆ. ಆದರೆ 'ಬಲ' ಎಂದರೆ ವಾಟ್ ಒಂದೇ ಅಲ್ಲ. ಸ್ಪೀಕರ್‌ನ ಸಂವೇದನೆ 3 ಡೆಸಿಬೆಲ್ ಹೆಚ್ಚಿದ್ದರೆ ಅರ್ಧ ವಾಟಿನಲ್ಲಿ ಅದೇ ದನಿ ಬರುತ್ತದೆ. 92 ಡೆಸಿಬೆಲ್ ಸಂವೇದನೆಯ ಸ್ಪೀಕರ್ 100 ವಾಟಿನಲ್ಲಿ ಮಾಡುವ ಕೆಲಸಕ್ಕೆ 86 ಡೆಸಿಬೆಲ್‌ನದಕ್ಕೆ 400 ವಾಟ್ ಬೇಕು. ಹೀಗಾಗಿ ಸಬ್‌ವೂಫರ್ ಕೊಳ್ಳುವಾಗ ಕೇಳಬೇಕಾದ್ದು 'ಎಷ್ಟು ವಾಟ್' ಎಂದಲ್ಲ, '30–40 ಹರ್ಟ್ಸ್‌ನಲ್ಲಿ ಒಡೆಯದೆ ಎಷ್ಟು ಡೆಸಿಬೆಲ್ ಕೊಡುತ್ತದೆ' ಎಂದು. ಟೇಪ್ ರೆಕಾರ್ಡರುಗಳ ಮೇಲೆ ಪಿ.ಎಂ.ಪಿ.ಒ. ಎಂದು ಸಾವಿರಗಟ್ಟಲೆ ವಾಟ್ ಬರೆದಿರುತ್ತಿದ್ದ ಕಾಲವನ್ನು ತಂದೆತಾಯಿಗಳು ಮರೆತಿರಲಾರರು. 230 ವೋಲ್ಟ್, 5 ಆಂಪ್ಸ್ ಪ್ಲಗ್ಗಿನಿಂದ ಒಂದೇ ಸಮನೆ ಎಳೆಯಬಹುದಾದದ್ದು 1150 ವಾಟ್. ಅದೇ ಪ್ಲಗ್ಗಿಗೆ ಸಿಕ್ಕಿಸುವ ಪೆಟ್ಟಿಗೆ 5000 ವಾಟ್ ಎಂದು ಹೇಳಿಕೊಂಡರೆ ಹೈಸ್ಕೂಲ್ ಹುಡುಗನೂ ಅದನ್ನು ಪ್ರಶ್ನಿಸಬಹುದು.

ಅಂಗಡಿಯವನು ಹೇಳದ ಇನ್ನರ್ಧ, ಮನೆಯೇ. ಅಮೆರಿಕದಲ್ಲಿ ಬರೆದ ಸಲಹೆಗಳು ಅಲ್ಲಿನ ಮರದ ಚೌಕಟ್ಟು, ಜಿಪ್ಸಮ್ ಹಲಗೆಯ ಮನೆಗಳಿಗೆ ಹೊಂದುವಂಥವು. ಆ ಗೋಡೆಗಳು ತಾವೇ ಅದುರಿ ಮಂದ್ರವನ್ನು ಒಂದಷ್ಟು ನುಂಗಿಬಿಡುತ್ತವೆ. ಗೋಕುಲಂನ ಮನೆ ಹಾಗಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಆರ್.ಸಿ.ಸಿ. ತಾರಸಿ, ಕೆಳಗೆ ರೆಡ್ ಆಕ್ಸೈಡ್ ಅಥವಾ ಗ್ರಾನೈಟ್ ನೆಲ. ಹುಟ್ಟಿದ ಮಂದ್ರ ಕೋಣೆಯಲ್ಲೇ ಸುತ್ತುತ್ತದೆ. ಪರದೆ, ಜಮಖಾನೆ ಹಾಕಿದರೆ ಸರಿಹೋದೀತೆಂಬುದು ಬರೀ ಆಸೆ. ಅವು ತಾಳದ ಝಣತ್ಕಾರವನ್ನು ತಗ್ಗಿಸಿಯಾವು, ಒಂಬತ್ತು ಮೀಟರ್ ಉದ್ದದ ಅಲೆಗೆ ಅವು ಲೆಕ್ಕಕ್ಕೇ ಇಲ್ಲ.

ಆ ಒಂಬತ್ತು ಮೀಟರ್ ಎಲ್ಲಿಂದ ಬಂತು? 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಒಂದನ್ನು ತೆಗೆದುಕೊಳ್ಳಿ. ಮೈಸೂರಿನ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಗೋಡೆಯಿಂದ ಗೋಡೆಗೆ ಅರ್ಧ ಅಲೆ ಸರಿಯಾಗಿ ಕೂತಾಗ ಕೋಣೆ ತಾನೇ ಅನುರಣಿಸುತ್ತದೆ. ಉದ್ದಕ್ಕೆ ಅದು ಸುಮಾರು 38 ಹರ್ಟ್ಸ್, ಅಗಲಕ್ಕೆ 47, ಎತ್ತರಕ್ಕೆ 57. ಪಿಯುಸಿ ಭೌತಶಾಸ್ತ್ರದ ಸ್ಥಾಯಿ ತರಂಗವೆಂದರೆ ಇದೇ. ಪ್ರಯೋಗಾಲಯದ ಕೊಳವೆಯ ಬದಲು ಇಲ್ಲಿ ಅಜ್ಜ ಕಟ್ಟಿಸಿದ ಹಾಲ್ ಇದೆ. ಈ ಸ್ವರಗಳ ಒತ್ತಡ ಗೋಡೆಗಳ ಬಳಿ ಗರಿಷ್ಠ, ನಟ್ಟನಡುವೆ ಶೂನ್ಯ. ಸೋಫಾವನ್ನು ಹಿಂದಿನ ಗೋಡೆಗೆ ಆನಿಸಿ ಕೂತವನಿಗೆ 38 ಹರ್ಟ್ಸ್ ಗುಂಯ್ಗುಡುತ್ತದೆ. ಹಾಲಿನ ಮಧ್ಯಕ್ಕೆ ಎಳೆದು ಕೂತವನಿಗೆ ಅದೇ ಸ್ವರ ಮಾಯ. ಇಬ್ಬರೂ ಪೆಟ್ಟಿಗೆಯನ್ನೇ ಬಯ್ಯುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ಹತ್ತು ಅಡಿಯಿದ್ದರಂತೂ ಮೂರು ಅನುರಣನೆಗಳೂ ಒಂದೇ ಸ್ವರದ ಮೇಲೆ ಕೂತು ಕಾಟ ಕೊಡುತ್ತವೆ.

ಆದ್ದರಿಂದ ಇಂಥ ಮುಚ್ಚಿದ ಹಾಲ್‌ಗೆ ಹತ್ತು ಅಥವಾ ಹನ್ನೆರಡು ಇಂಚಿನ, ರಂಧ್ರವಿಲ್ಲದ ಮುಚ್ಚಿದ ಪೆಟ್ಟಿಗೆ ಸಾಕು. ಅದರ ದನಿ ತಳದಲ್ಲಿ ಮೆಲ್ಲಗೆ ಇಳಿಯುತ್ತದೆ, ಆ ತಳಕ್ಕೆ ಕೋಣೆಯೇ ಕೈಕೊಡುತ್ತದೆ. ಊಟದ ಮನೆಗೆ ತೆರೆದುಕೊಂಡ, ಮಹಡಿ ಮೆಟ್ಟಿಲೂ ಒಳಗೇ ಇರುವ ಹೊಸ ಡುಪ್ಲೆಕ್ಸ್ ಮನೆಗಳ ಮಾತು ಬೇರೆ. ಅಲ್ಲಿ ತುಂಬಬೇಕಾದ ಗಾಳಿ ಹೆಚ್ಚು. ರಂಧ್ರವಿರುವ ದೊಡ್ಡ ಪೆಟ್ಟಿಗೆ ಅಲ್ಲಿಗೆ ಸರಿ. ಇನ್ನೂ ಮೇಲು, ಒಂದು ದೊಡ್ಡದರ ಬದಲು ಎದುರುಬದುರು ಗೋಡೆಗಳ ನಡುವೆ ಇಟ್ಟ ಎರಡು ಚಿಕ್ಕವು. ಒಂದು ಎಬ್ಬಿಸಿದ ಅನುರಣನೆಯನ್ನು ಇನ್ನೊಂದು ತಣಿಸುತ್ತದೆ.

ಇಡುವುದೆಲ್ಲಿ? ಮೂಲೆಯಲ್ಲಿಟ್ಟರೆ ದನಿ ಅತಿ ಹೆಚ್ಚು, ಗುಂಯ್‌ಕಾರವೂ ಅಷ್ಟೇ. ವಾಸ್ತು ಹೇಳುವ ಮೂಲೆಗೂ ಅಲೆ ಹೇಳುವ ಜಾಗಕ್ಕೂ ಯಾವ ನಂಟೂ ಇಲ್ಲ. ಇದಕ್ಕೊಂದು ಉಪಾಯವಿದೆ, ಮನೆಮಂದಿ ನಗುತ್ತಾರೆ, ನಗಲಿ. ಸಬ್‌ವೂಫರನ್ನು ಸೋಫಾದ ಮೇಲೆ, ಕೇಳುವವರು ಕೂರುವ ಜಾಗದಲ್ಲೇ ಇಡಬೇಕು. 30ರಿಂದ 80 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದೊಂದಾಗಿ ನುಡಿಸುತ್ತಾ, ಗೋಡೆಯುದ್ದಕ್ಕೂ ಮಗುವಿನಂತೆ ಅಂಬೆಗಾಲಿಟ್ಟು ಹೋಗಬೇಕು. ಎಲ್ಲ ಸ್ವರಗಳೂ ಸಮನಾಗಿ ಕೇಳುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಪೆಟ್ಟಿಗೆಯನ್ನು ಅಲ್ಲಿಗೆ ತಂದಿಡಬೇಕು. ಮಾತಾಡುವವನೂ ಕೇಳುವವನೂ ಜಾಗ ಬದಲಿಸಿಕೊಂಡರೂ ನಡುವಣ ದಾರಿ ಒಂದೇ ಎಂಬುದು ಇದರ ಹಿಂದಿನ ಸೂತ್ರ.

ಉಳಿದದ್ದು ಹತ್ತು ನಿಮಿಷದ ಕೆಲಸ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರ್‌ಗೆ ಬಿಡಬೇಕು. ಅದಕ್ಕಿಂತ ಕೆಳಗಿನ ದನಿ ಯಾವ ದಿಕ್ಕಿನಿಂದ ಬಂತೆಂದು ಕಿವಿ ಗುರುತಿಸುವುದು ಕಷ್ಟ. ಫೇಸ್ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಿಸಿ 80 ಹರ್ಟ್ಸ್ ಸ್ವರ ಯಾವುದರಲ್ಲಿ ತುಂಬಿ ಬರುತ್ತದೋ ಅದನ್ನು ಉಳಿಸಿಕೊಳ್ಳಬೇಕು. ಗಟ್ಟಿತನವನ್ನು ಸಿನಿಮಾದ ಸ್ಫೋಟದಿಂದ ಅಳೆಯದೆ ಮೃದಂಗದಿಂದ ಅಳೆಯುವುದು ಒಳಿತು. ಎಡಗಡೆಯ ಗುಂಕಾರ ಮೃದಂಗ ಕೂತ ಕಡೆಯಿಂದಲೇ ಬರಬೇಕು, ಮೂಲೆಯ ಪೆಟ್ಟಿಗೆಯಿಂದಲ್ಲ. ನಮ್ಮ ಚರ್ಮವಾದ್ಯಗಳ ನಾದದ ಗುಟ್ಟನ್ನು ಸರ್ ಸಿ.ವಿ. ರಾಮನ್ ಅವರಂಥವರು ಬೆಂಗಳೂರಿನಲ್ಲಿ ಕೂತು ಅಧ್ಯಯನ ಮಾಡಿದ್ದಾರೆಂಬುದು ವಿದ್ಯಾರ್ಥಿಗಳ ಗಮನಕ್ಕೆ.

ಮನೆಯೊಳಗೆ ಇಷ್ಟು ಸರಿಹೋದ ಮೇಲೆ ರಾತ್ರಿ ಒಂಬತ್ತಕ್ಕೆ ಒಮ್ಮೆ ಗೇಟಿನಾಚೆ ನಿಂತು ಕೇಳಬೇಕು. ಮಾತು, ಪಿಟೀಲು ಗೋಡೆಯಲ್ಲೇ ನಿಂತಿರುತ್ತವೆ. ಗುಡುಗು ಮಾತ್ರ ತೆರೆದ ಕಿಟಕಿಯಿಂದ ಪಕ್ಕದ ಮನೆಗೆ ನಡೆದಿರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಹಾಕಿವೆ. ಆಸ್ಪತ್ರೆ, ಶಾಲೆಗಳ ಸುತ್ತಲಿನ 100 ಮೀಟರ್ ನಿಶ್ಶಬ್ದ ವಲಯವಾಗಬಹುದು. ಅಲ್ಲಿ ಮಿತಿ ಇನ್ನೂ ಬಿಗಿ. ಆದರೆ ಆ ಅಳತೆ ಕಿವಿಯ ಮಂದತನವನ್ನು ಅನುಸರಿಸಿದ್ದು. 40 ಹರ್ಟ್ಸ್ ದನಿಯಲ್ಲಿ ಅದು ಸುಮಾರು 35 ಡೆಸಿಬೆಲ್ ಕಳೆದು ಲೆಕ್ಕ ಹಾಕುತ್ತದೆ. ನೆರೆಮನೆಯ ಕೋಣೆಯಲ್ಲಿ 80 ಡೆಸಿಬೆಲ್ ಗುಡುಗಿದರೂ ಮೀಟರ್ 45 ಎಂದೇ ತೋರಿಸೀತು. ಮೀಟರ್ ಒಪ್ಪಿದ ಮಾತ್ರಕ್ಕೆ ಗೋಡೆಯಾಚೆ ಪರೀಕ್ಷೆಗೆ ಕೂತ ಹುಡುಗಿ ಒಪ್ಪಬೇಕಾಗಿಲ್ಲ.

ಪರೀಕ್ಷೆಯ ತಿಂಗಳಲ್ಲಿ ಪೆಟ್ಟಿಗೆಯ ಹಿಂದಿನ ಸ್ವಿಚ್ಚನ್ನೇ ಆರಿಸಿಬಿಟ್ಟರೂ ಸಂಗೀತಕ್ಕೆ ದೊಡ್ಡ ನಷ್ಟವಿಲ್ಲ. ಒಳ್ಳೆಯ ಟವರ್‌ಗಳು ಸಾಮಾನ್ಯವಾಗಿ 40–50 ಹರ್ಟ್ಸ್‌ವರೆಗೆ ತಾವೇ ಇಳಿಯುತ್ತವೆ. ರಿಸೀವರ್‌ನಲ್ಲಿ ಅವನ್ನು 'ಲಾರ್ಜ್' ಎಂದು ಬದಲಿಸಿದರಾಯಿತು. ಗಂಡು ಶ್ರುತಿಯ ತಂಬೂರಿಯ ಮಂದ್ರ ಷಡ್ಜವೇ ಸುಮಾರು 70 ಹರ್ಟ್ಸ್. ತಂಬೂರಿ, ಮೃದಂಗ, ಹಾಡುಗಾರನ ಕಂಠ ಎಲ್ಲವೂ ಹಾಲಿನಲ್ಲೇ ಇರುತ್ತವೆ. ಹೊರಗೆ ಹೋಗಿರುವುದು ಸಿನಿಮಾದ ಬಾಂಬು ಮಾತ್ರ.