ವಲಿಯಪರಂಬದಲ್ಲಿ ಗಾಳಿ ಹೋದ ಹಲಗೆ

ಕುಂಬಳೆಯಲ್ಲಿ ರೈಲು ಹತ್ತಿ ದಕ್ಷಿಣಕ್ಕೆ ಹೊರಟರೆ ಕಾಸರಗೋಡು, ನಮ್ಮ ಹಿರಿಯರ ಬಾಯಲ್ಲಿ ಹೊಸದುರ್ಗವಾಗಿದ್ದ ಕಾಞಂಗಾಡ್, ನೀಲೇಶ್ವರ, ಅದರಾಚೆ ಚೆರುವತ್ತೂರು. ಡಿಸೆಂಬರಿನ ಒಂದು ಶನಿವಾರ ಅಲ್ಲಿ ಇಳಿದಾಗ ಅಕ್ಕನ ಮಗನ ಬೆನ್ನ ಮೇಲೆ ದೊಡ್ಡ ಚೀಲವಿತ್ತು. ಗಲ್ಫಿನಿಂದ ರಜೆಯಲ್ಲಿ ಬಂದವನು ಗಾಳಿ ತುಂಬಿಸುವ ಪ್ಯಾಡಲ್ ಬೋರ್ಡ್ ತಂದಿದ್ದ. ಅದರ ಮೇಲೆ ನಿಂತು ಒಂದೇ ಹುಟ್ಟಿನಿಂದ ನೀರು ತಳ್ಳುತ್ತಾ ಹೋಗುವುದು. ಭಾನುವಾರ ರಾತ್ರಿಯೇ ಅವನ ವಿಮಾನ.

ವಲಿಯಪರಂಬವೆಂದರೆ ತೆಂಗಿನ ಮರಗಳ ಒಂದು ನೀಳ ಪಟ್ಟಿ, ಸುಮಾರು 24 ಕಿ.ಮೀ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಕವ್ವಾಯಿ ಹಿನ್ನೀರು. ಈ ಹಿನ್ನೀರಿನಲ್ಲಿ ಬಿದಿರಿನ ಚಪ್ಪರ ಕಟ್ಟಿ, ಹಗ್ಗ ಇಳಿಬಿಟ್ಟು, ಕಲ್ಲುಮ್ಮಕ್ಕಾಯಿ ಎಂಬ ಚಿಪ್ಪುಮೀನು ಬೆಳೆಸುತ್ತಾರೆ. ಮಳೆಗಾಲ ಬಂದು ನೀರು ಸಪ್ಪೆಯಾಗುವ ಮೊದಲೇ ಕೊಯ್ಲು. ಹೆಂಗಸರ ಗುಂಪುಗಳೇ ಈ ಕೆಲಸದಲ್ಲಿ ಮುಂದು.

ಹುಡುಗ ಅಂಥ ಒಂದು ಚಪ್ಪರದ ತೀರಾ ಹತ್ತಿರ ಹೋದ. ಮುರಿದ ಬಿದಿರಿನ ಮೊನೆ ತಗಲಿತು. "ಅಂಕಲ್, ಗಾಳಿ ಹೋಗ್ತಾ ಇದೆ!" ಎಂದು ಅಲ್ಲಿಂದಲೇ ಕೂಗಿದ. ನೀರು ಸೊಂಟದ ಮಟ್ಟ, ಮೈಮೇಲೆ ಲೈಫ್ ಜಾಕೆಟ್ ಬೇರೆ ಇತ್ತು. ಆದರೂ ಅವನು ದಡ ಸೇರುವ ತನಕ ನನಗೆ ಉಸಿರು ಬಿಡಲಾಗಲಿಲ್ಲ.

ಟಯರ್ ಪಂಕ್ಚರ್ ಅಂಗಡಿಗೆ ಹೊತ್ತೊಯ್ದೆವು. ಹತ್ತು ಅಡಿ ಉದ್ದದ ಹಲಗೆ ಅವನ ನೀರಿನ ತೊಟ್ಟಿಗೆ ಹೇಗೆ ಇಳಿದೀತು? ಮೊದಲು ವಾಲ್ವಿನ ಸುತ್ತ, ಆಮೇಲೆ ಅಂಚಿನ ಜೋಡಣೆಯ ಉದ್ದಕ್ಕೂ, ಕೊನೆಗೆ ಮೈಮೇಲೆ ಸಾಬೂನು ನೀರು ಸವರಿದ. ಒಂದು ಕಡೆ ನೊರೆ ಉಬ್ಬಿತು. ಸೂಜಿಮೊನೆಯಷ್ಟು ತೂತು.

"ಇದು ರಬ್ಬರ್ ಅಲ್ಲ ಮಾಷೇ, ಪಿ.ವಿ.ಸಿ. ನನ್ನ ಸೊಲ್ಯೂಷನ್ ಇವತ್ತು ಅಂಟೀತು, ನಾಳೆ ನೀರಿನ ನಡುವೆ ಬಿಟ್ಟೀತು" ಎಂದ. ಕಾಸನ್ನೂ ತೆಗೆದುಕೊಳ್ಳಲಿಲ್ಲ. ಹಾಗಾದರೆ ಪೈಪಿಗೆ ಹಾಕುವ ಗಮ್ ತರೋಣ ಎಂದೆ ನಾನು. ಅದು ಒಣಗಿ ಗಡುಸಾಗುತ್ತದೆ, ಹಲಗೆ ಮಡಚಿದರೆ ಬಿರುಕು ಬಿಡುತ್ತದೆ ಎಂದು ತಲೆಯಾಡಿಸಿದ. ಚೀಲದೊಳಗೆ ತೇಪೆಯ ತುಂಡುಗಳಿದ್ದವು, ಅಂಟು ಇರಲಿಲ್ಲ. ಬೆಂಕಿ ಹಿಡಿಯುವ ವಸ್ತುವನ್ನು ವಿಮಾನದಲ್ಲಿ ಬಿಡುವುದಿಲ್ಲವಲ್ಲ. ಕಡೆಗೆ ದೋಣಿ ಬಾಡಿಗೆಗೆ ಕೊಡುವ ಹುಡುಗರ ಬಳಿ ಗಾಳಿದೋಣಿಗೆ ಹಾಕುವ ಪಿ.ವಿ.ಸಿ. ಅಂಟು ಸಿಕ್ಕಿತು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಗಾಳಿ ಪೂರ್ತಿ ಬಿಟ್ಟು, ಸಿಹಿನೀರಿನಲ್ಲಿ ಉಪ್ಪು ತೊಳೆದು, ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಿದೆವು. ತೂತಿನ ಸುತ್ತ ಎರಡು ಬೆರಳಗಲ ಜಾಗ ಬಿಟ್ಟು ತೇಪೆಯನ್ನು ದುಂಡಗೆ ಕತ್ತರಿಸಿದೆವು. ಮೂಲೆಯಿದ್ದರೆ ಅಲ್ಲಿಂದಲೇ ಏಳುತ್ತದೆ. ಎರಡೂ ಕಡೆ ತೆಳುವಾಗಿ ಅಂಟು ಹಚ್ಚಿ, ಐದು ನಿಮಿಷ ಕಾದು, ಇನ್ನೊಮ್ಮೆ ಹಚ್ಚಿ, ಬೆರಳಿಗೆ ಜಿಗುಟು ತಾಗುವಾಗ ನಡುವಿನಿಂದ ಹೊರಕ್ಕೆ ಒತ್ತಿದೆವು. ತೇವದ ಗಾಳಿ ಈ ಅಂಟಿಗೆ ಶತ್ರು. ಆದ್ದರಿಂದ ಇಬ್ಬನಿ ಬೀಳುವ ಮೊದಲೇ, ಕೋಣೆಯೊಳಗೆ, ವಾಸನೆ ಹೋಗಲು ಕಿಟಕಿ ತೆರೆದಿಟ್ಟು ಮಾಡಿ ಮುಗಿಸಿದೆವು. ಮೇಲೆ ಎರಡು ಕೆಂಪುಕಲ್ಲು ಹೇರಿದೆವು.

"ಅಂಕಲ್, ಎರಡು ಗಂಟೆ ಸಾಲದಾ? ಇನ್ನೂ ಬೆಳಕಿದೆ" ಎಂದು ಹುಡುಗ ಗೋಗರೆದ. ಈ ಹಲಗೆಯ ಮೇಲಿನ ಮತ್ತು ಕೆಳಗಿನ ಪದರಗಳನ್ನು ಒಳಗೆ ಸಾವಿರಾರು ನೂಲುಗಳು ಹಿಡಿದಿರುತ್ತವೆ. ಕಾರಿನ ಟಯರಿನ ಅರ್ಧದಷ್ಟು ಒತ್ತಡ ತುಂಬಿದರೆ ಮಾತ್ರ ಅದು ಮಣೆಯಂತೆ ಗಟ್ಟಿಯಾಗಿ ನಿಲ್ಲುವುದು. ಅಷ್ಟು ಒತ್ತಡಕ್ಕೆ ಹಸಿ ಅಂಟು ತಡೆಯುವುದೇ? ಒಂದು ರಾತ್ರಿ, ಸಾಧ್ಯವಾದರೆ ಪೂರ್ತಿ ಒಂದು ದಿನ ಬಿಡಬೇಕು ಎಂದಿದ್ದರು ಆ ಹುಡುಗರು. ನಾನು ಒಪ್ಪಲಿಲ್ಲ. ಅವನು ರಾತ್ರಿ ಊಟಕ್ಕೆ ಕೂತರೂ ಮಾತಾಡಲಿಲ್ಲ. ಇಡೀ ವರ್ಷ ದುಡಿದು ಬಂದವನ ಒಂದು ಸಂಜೆ ಕಸಿದುಕೊಂಡೆನಲ್ಲ ಎಂದು ನನಗೂ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಗಾಳಿ ತುಂಬಿ ಮತ್ತೆ ಸಾಬೂನು ನೀರು ಸವರಿದೆವು. ಒಂದು ಗುಳ್ಳೆಯೂ ಏಳಲಿಲ್ಲ. ರೈಲಿಗೆ ಮೊದಲು ಅವನಿಗೆ ಸಿಕ್ಕಿದ್ದು ಮುಕ್ಕಾಲು ಗಂಟೆ, ಅದೂ ಚಪ್ಪರಗಳಿಂದ ದೂರ, ದಡದ ಬದಿಯಲ್ಲೇ. ಚೀಲವನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದಾನೆ. "ಬಿಸಿಲಿಗೆ ಇಡಬೇಡಿ ಅಂಕಲ್" ಎಂದು ಫೋನಿನಲ್ಲಿ ಈಗಲೂ ನೆನಪಿಸುತ್ತಿರುತ್ತಾನೆ.